ಸೀಟಕ್ಕ ಹೊಲಿದ ರೇಸಿನ ದಿಂಬು

ಸ್ಕೂಟರ್ ಸೀಟು ಹರಿದರೆ ಊರಿನವರೆಲ್ಲ ಹುಡುಕಿಕೊಂಡು ಬರುವುದು ಸೀಟಕ್ಕನ ಅಂಗಡಿಗೆ. ಎರಡು ಹೊಲಿಗೆ ಮಿಷಿನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಕಾಲಿಟ್ಟಲ್ಲೆಲ್ಲ ಸ್ಪಂಜಿನ ಚೂರು. ಹದಿನೆಂಟು ವರ್ಷದಿಂದ ಅವಳು ಊರಿನ ಜನರ ಕೂರುವ ಭಾಗವನ್ನೇ ಚೆನ್ನಾಗಿ ನೋಡಿಕೊಂಡು ಬಂದವಳು. ತಲೆಯ ಉಸಾಬರಿಗೆ ಹೋದದ್ದು ಅಣ್ಣನ ಮಗಳು ರೇಸಿಗೆ ಇಳಿದ ಮೇಲೆ.

ಆ ಹುಡುಗಿ ಓಡಿಸುವುದು ನಾಲ್ಕೂ ಚಕ್ರ ಹೊರಗೇ ಕಾಣುವ, ಮೇಲೆ ಚಾವಣಿಯಿಲ್ಲದ, ಒಬ್ಬರೇ ಕೂರುವ ಕಾರು. ನಾಲ್ಕು ವರ್ಷ ಓಡಿಸಿದ್ದೆಲ್ಲ ಊರಾಚೆಯ ಓವಲ್ಲಿನಲ್ಲಿ. ಮೊಟ್ಟೆಯಾಕಾರದ ಟ್ರ್ಯಾಕು, ಎಡಕ್ಕೆ ತಿರುಗು, ಎಡಕ್ಕೆ ತಿರುಗು, ಮತ್ತೆ ಎಡಕ್ಕೆ. ಸೀಟಕ್ಕನ ಗಂಡ ಟೌನ್ ಬಸ್ಸಿನ ಡ್ರೈವರು. ಗಾಣದ ಎತ್ತಿಗಾದರೂ ಮಧ್ಯಾಹ್ನ ಬಿಡುವು ಕೊಡುತ್ತಾರೆ ಎಂದು ಹುಡುಗಿಯನ್ನು ರೇಗಿಸುತ್ತಿದ್ದ. ಆದರೆ ಆ ವೇಗದಲ್ಲಿ ಕಾರು ಎಡಕ್ಕೆ ತಿರುಗಿದಷ್ಟೂ ತಲೆ ಬಲಕ್ಕೆ ಎಳೆಯುತ್ತದೆ. ಅದಕ್ಕೇ ಸೀಟಕ್ಕ ಕಾರಿನೊಳಗೆ ತಲೆಯ ಬಲಗಡೆಗೆ ದಪ್ಪನೆಯ ದಿಂಬು ಹೊಲಿದುಕೊಟ್ಟಿದ್ದಳು. ಹುಡುಗಿ ಅದಕ್ಕೆ ಹೆಲ್ಮೆಟ್ಟು ಆನಿಸಿ, ರೈಲಿನ ಕಿಟಕಿಗೆ ಒರಗಿದವಳ ಹಾಗೆ ಹಾಯಾಗಿ ಸುತ್ತುತ್ತಿದ್ದಳು.

ಈ ಸಲ ರೇಸು ಊರೊಳಗೇ ಬಂತು. ಅಂಚೆ ಕಚೇರಿ, ಆಸ್ಪತ್ರೆ, ಸೇತುವೆ, ಎರಡು ಸಿಗ್ನಲ್ಲು. ದಿನಾ ಬಸ್ಸು ಓಡುವ ಬೀದಿಗಳ ಅಕ್ಕಪಕ್ಕ ಸಿಮೆಂಟಿನ ಗೋಡೆ ನಿಲ್ಲಿಸಿ ಟ್ರ್ಯಾಕು ಮಾಡುವ ಏರ್ಪಾಡು. ಓವಲ್ಲಿನಲ್ಲಿ ಎಲ್ಲರೂ ಹುಲಿಗಳೇ, ಬೀದಿಯಲ್ಲಿ ಐವತ್ತು ಸುತ್ತು ಮುಗಿಸಿ ತೋರಿಸಿದರೆ ವರ್ಷವಿಡೀ ಕಾರು ಇವಳದ್ದು, ಇಲ್ಲವಾದರೆ ಬೇರೆಯವರಿಗೆ ಎಂದು ತಂಡದ ಯಜಮಾನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

ಸೀಟಕ್ಕನಿಗೆ ಇದು ಯಾವ ಮಹಾ ಎನಿಸಿತು. ಬೀದಿಯಲ್ಲಿ ಎರಡೂ ಕಡೆ ತಿರುವು, ಎರಡೂ ಕಡೆ ದಿಂಬು, ಮುಗೀತು. ಬಲಕ್ಕಿದ್ದಷ್ಟೇ ದಪ್ಪನೆಯದನ್ನು ಎಡಕ್ಕೂ ಹೊಲಿದಳು. ರೇಸಿಗೆ ಒಂದು ವಾರ ಮುಂಚೆ ಮೈದಾನದಲ್ಲಿ ಡ್ರಮ್ಮುಗಳನ್ನಿಟ್ಟು ಅಭ್ಯಾಸ ನಡೆಯಿತು. ಹುಡುಗಿ ಹನ್ನೊಂದು ಡ್ರಮ್ಮು ಉರುಳಿಸಿ, ಮುಖ ಸಣ್ಣ ಮಾಡಿಕೊಂಡು ಇಳಿದಳು.

"ಬೇಜಾರ್ ಮಾಡ್ಕೋಬೇಡ ಅತ್ತೆ, ತಿರುವೇ ಕಾಣಲ್ಲ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗಿದೆ."

"ಹಾಗಾದ್ರೆ ತೆಗೆದುಬಿಡ್ಲಾ?"

"ತೆಗೆದ್ರೆ ಹತ್ತೇ ಸುತ್ತಿಗೆ ಕತ್ತು ಬಿದ್ದೋಗುತ್ತೆ. ತಲೆ ಎಡಕ್ಕೆ ವಾಲಿದ್ರೆ ತಡೆದು ಹಿಡಿಯೋದು ಈ ಕತ್ತಿಗೆ ರೂಢೀನೇ ಇಲ್ಲ."

ಮರುದಿನ ಬೆಳಿಗ್ಗೆ ಸೀಟಕ್ಕ ಅಂಗಡಿಗೆ ಬೀಗ ಜಡಿದು ಗಂಡನ ಬಸ್ಸು ಹತ್ತಿದಳು. ರೇಸಿನ ದಾರಿಯೂ ಬಸ್ಸಿನ ದಾರಿಯೂ ಮುಕ್ಕಾಲು ಪಾಲು ಒಂದೇ. ಡ್ರೈವರಿನ ಪಕ್ಕ ಇಂಜಿನ್ ಹತ್ತಿರದ ಅಡ್ಡ ಸೀಟಿನಲ್ಲಿ ಕುಳಿತು ಪ್ರಯಾಣಿಕರ ತಲೆಗಳನ್ನೇ ದಿಟ್ಟಿಸಿದಳು. ಬಸ್ಸು ಬಲಕ್ಕೆ ತಿರುಗಿದರೆ ತಲೆಗಳು ಎಡಕ್ಕೆ, ಎಡಕ್ಕೆ ತಿರುಗಿದರೆ ಬಲಕ್ಕೆ, ಬ್ರೇಕು ಹಾಕಿದರೆ ಎಲ್ಲವೂ ಸೇರಿ ಒಂದು ನಮಸ್ಕಾರ. ತಮ್ಮ ತಲೆ ಮೇಲೆ ಏನಾದರೂ ಬರೆದಿದೆಯೇ ಎಂದು ಬೋಳುತಲೆಯ ಹಿರಿಯರೊಬ್ಬರು ಕೇಳಿಯೇ ಬಿಟ್ಟರು. ಮೂರು ಟ್ರಿಪ್ಪಾದರೂ ಹೊಸದೇನೂ ಹೊಳೆಯಲಿಲ್ಲ.

ನಾಲ್ಕನೇ ಟ್ರಿಪ್ಪಿನಲ್ಲಿ ಬೇಸತ್ತು ಗಂಡನ ಕಡೆ ತಿರುಗಿದಳು. ಅಂಚೆ ಕಚೇರಿಯ ತಿರುವು ಬಂತು. ಮೊದಲು ತಿರುಗಿದ್ದು ಗಂಡನ ತಲೆ. ಆಮೇಲೆ ಕೈ, ಆಮೇಲೆ ಬಸ್ಸು. ಪ್ರಯಾಣಿಕರೆಲ್ಲ ಮೂಟೆಗಳ ಹಾಗೆ ಬಸ್ಸು ತಳ್ಳಿದತ್ತ ವಾಲಿದರೆ, ಇವನ ತಲೆ ಬಸ್ಸಿಗಿಂತ ಮುಂಚೆಯೇ ತಿರುವಿನೊಳಗೆ ಹೋಗಿ ಬಂದಿತ್ತು. ಮುಂದಿನ ತಿರುವಿನಲ್ಲೂ ಹಾಗೆಯೇ.

"ಏನೇ, ಮದುವೆಯಾಗಿ ಇಷ್ಟು ವರ್ಷದ ಮೇಲೆ ಇವತ್ತು ನನ್ನ ಮುಖ ನೋಡ್ತಿದೀಯಾ?" ಎಂದ ಗಂಡ.

"ಮುಖ ಯಾರಿಗೆ ಬೇಕ್ರೀ. ಕತ್ತು ನೋಡ್ತಿದೀನಿ, ರಸ್ತೆ ನೋಡಿ ಓಡಿಸಿ."

ಅಂಗಡಿಗೆ ಓಡಿಬಂದು ಎರಡೂ ದಿಂಬು ಬಿಚ್ಚಿದಳು. ಮುಂದಿನ ಭಾಗವನ್ನು ಕಣ್ಣಿನಿಂದ ಗಲ್ಲದವರೆಗೆ ಇಳಿಜಾರಾಗಿ ಕತ್ತರಿಸಿದಳು, ನೋಟಕ್ಕೆ ದಾರಿ ಬಿಡಲು. ಕಿವಿಯ ಹಿಂದೆ ಮಾತ್ರ ದಪ್ಪ ಉಳಿಸಿದಳು, ಆಮೇಲೆ ಬೀಳುವ ತಲೆಯನ್ನು ಹಿಡಿಯಲು. ತಳಕ್ಕೆ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು. ಅದು ಸ್ಕೂಟರ್ ಸೀಟಿನ ಹಳೇ ವಿದ್ಯೆ.

ರೇಸಿನ ದಿನ ಅವಳು ಅಂಚೆ ಕಚೇರಿಯ ತಿರುವಿನಲ್ಲೇ ನಿಂತಳು. ಇಪ್ಪತ್ತು ಕಾರುಗಳಲ್ಲಿ ಅವಳಿಗೆ ಕಂಡದ್ದು ಒಂದೇ ಕೆಂಪು ಹೆಲ್ಮೆಟ್ಟು. ಅದು ಮೊದಲು ತಿರುವಿನತ್ತ ಹೊರಳುತ್ತಿತ್ತು, ಕಾರು ಹಿಂದೆಯೇ ಬರುತ್ತಿತ್ತು, ಆಮೇಲೆ ಹೆಲ್ಮೆಟ್ಟು ಮೆತ್ತಗೆ ದಿಂಬಿಗೆ ಒರಗುತ್ತಿತ್ತು. ಪ್ರತಿ ಸುತ್ತಿಗೂ ಸೀಟಕ್ಕನ ಕತ್ತೂ ಜೊತೆಗೇ ಹೊರಳಿತು. ನಲವತ್ತನೇ ಸುತ್ತಿನ ಹೊತ್ತಿಗೆ ಹುಡುಗಿ ದಣಿದು ಸ್ವಲ್ಪ ಹೆಚ್ಚೇ ಒರಗತೊಡಗಿದಳು, ಆದರೂ ಗೋಡೆಯನ್ನು ಸೋಕಲಿಲ್ಲ. ಐವತ್ತೂ ಸುತ್ತು ಮುಗಿಸಿ ಆರನೆಯವಳಾಗಿ ಬಂದಳು.

ತಂಡದ ಯಜಮಾನ ಓಡಿಬಂದು, ವರ್ಷವಿಡೀ ಕಾರು ನಿನ್ನದೇ ಎಂದು ಎಲ್ಲರೆದುರೇ ಹೇಳಿದ. ಹುಡುಗಿ ಡ್ರೈವರ್ ಮಾವನನ್ನು ಎತ್ತಿಕೊಂಡು ಕುಣಿಯಲು ಹೋಗಿ ಇಬ್ಬರೂ ಬಿದ್ದರು. ಎದ್ದವಳೇ ಅತ್ತೆಯನ್ನು ಹುಡುಕಿದಳು.

"ಅತ್ತೆ, ಬಾ ಈ ಕಡೆ, ಫೋಟೋ ತೆಗೀತಿದಾರೆ."

"ತಾಳೇ. ಎಡಗಡೆ ದಿಂಬಿಗೆ ಹೆಲ್ಮೆಟ್ಟಿನ ಕೆಂಪು ಬಣ್ಣ ಜಾಸ್ತಿ ಉಜ್ಜಿದೆ. ಮುಂದಿನ ರೇಸಿಗೆ ಇಲ್ಲಿ ಇನ್ನೊಂದು ಬೆರಳಷ್ಟು ಸ್ಪಂಜು ಬೇಕು."

ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಸೀಟಕ್ಕನ ಬೆನ್ನು ಮಾತ್ರ ಕಾಣುತ್ತದೆ, ತಲೆ ಇನ್ನೂ ಕಾರಿನೊಳಗೇ ಇತ್ತು.