ಮೈಕಿನಲ್ಲಿ ಅಂದದ್ದು

ನಮ್ಮ ಶಾಲೆಗೆ ಭಾಷಣಕ್ಕೆ ಬಂದ ಆ ಮನುಷ್ಯ ಯಾವ ಧರ್ಮದವನು ಎಂದು ನಾನು ಬರೆಯುವುದಿಲ್ಲ. ಬರೆದರೆ ಉಳಿದ ಧರ್ಮದವರೆಲ್ಲ, ಸದ್ಯ ನಮ್ಮವನಲ್ಲ ಎಂದು ನಿರಾಳವಾಗಿಬಿಡುತ್ತಾರೆ. ಆ ನಿರಾಳವನ್ನು ಯಾರಿಗೂ ಕೊಡುವ ಮನಸ್ಸು ನನಗಿಲ್ಲ. ನಮ್ಮ ಹೆಡ್ ಮಾಸ್ತರರು ಎಲ್ಲರನ್ನೂ ಸರದಿಯ ಮೇಲೆ ಕರೆಯುತ್ತಿದ್ದರು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ‘ಸಂಸ್ಕಾರದ ಮಾತು’. ಒಂದು ವಾರ ಕಾವಿಯವರು, ಒಂದು ವಾರ ಬಿಳಿ ನಿಲುವಂಗಿಯವರು, ಇನ್ನೊಂದು ವಾರ ಟೋಪಿಯವರು. ಹೊರಗೆ ಒಬ್ಬರ ಮುಖ ಒಬ್ಬರು ನೋಡದ ಇವರೆಲ್ಲ ನಮ್ಮ ಅಂಗಳಕ್ಕೆ ಬಂದು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ. ಹುಡುಗಿಯರು ತಗ್ಗಿ ಬಗ್ಗಿ ನಡೆಯಬೇಕು, ಹುಡುಗರು ಗಂಡಸರಾಗಬೇಕು, ಮೊಬೈಲು ಮುಟ್ಟಬಾರದು. ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಯಾಕೆ ಸರ್ ಎಂದು ನಾನು ಮೊದಲ ವಾರವೇ ಕೇಳಿದ್ದೆ. “ಎಲ್ಲಾ ಧರ್ಮದವ್ರನ್ನೂ ಕರೀತೇವಲ್ಲ ಮೇಡಂ, ಮತ್ತೆಂತ ತಕರಾರು?” ಎಂದಿದ್ದರು.

ನಾನು ಆ ಶಾಲೆಯ ಪಿ.ಟಿ. ಟೀಚರ್. ಕಾರವಾರ ಮತ್ತು ಅಂಕೋಲೆಯ ನಡುವೆ, ಕಂಪೌಂಡಿನ ಆಚೆ ರೇತಿ, ರೇತಿಯ ಆಚೆ ಸಮುದ್ರ ಇರುವ ಪ್ರೌಢಶಾಲೆ. ಬೆಳಗಿನ ಸಾಲು ನನ್ನ ಜವಾಬ್ದಾರಿ. ಸೀಟಿ ನನ್ನದು, ಸಾವಧಾನ್, ವಿಶ್ರಾಮ್ ನನ್ನದು, ಮೈಕೂ ನನ್ನದೇ. ಮೈಕಿನ ಭೋಂಗಾ, ಆ ದೊಡ್ಡ ಬಾಯಿಯ ಸ್ಪೀಕರು, ಊರಿನ ಬೋಟಿನವರು ಕೊಡಿಸಿದ್ದು. ಅದನ್ನು ಮಕ್ಕಳ ಕಡೆಗಲ್ಲ, ಸಮುದ್ರದ ಕಡೆಗೆ ಮುಖ ಮಾಡಿ ಶಾಲೆಯ ಮಾಡಿನ ಮೇಲೆ ಕಟ್ಟಿಸಿದವರೂ ಅವರೇ. ರೇತಿಯ ಮೇಲೆ ಮೀನು ಒಣಗಿಸುವ ತಾಯಂದಿರಿಗೆ ತಮ್ಮ ಮಕ್ಕಳು ಹಾಡುವುದು, ಪೇಪರಿನ ಸುದ್ದಿ ಓದುವುದು ಕೇಳಬೇಕಿತ್ತು. ಶಾಲೆಯೊಳಗೆ ಎಂದೂ ಕಾಲಿಡದ ಹೆಂಗಸರು ಕೂಡ, ನಿನ್ನೆ ಸುದ್ದಿ ಓದಿದವಳು ಎಲ್ಲಿ ತಡವರಿಸಿದಳು ಎಂದು ನನಗೇ ಹೇಳುತ್ತಿದ್ದರು. ಊರಿನವರು ಅಷ್ಟು ಪ್ರೀತಿಯಿಂದ ಕಟ್ಟಿಸಿದ ಭೋಂಗಾ ಅದು.

ಪ್ರಾರ್ಥನೆ ಹಾಡುತ್ತಿದ್ದವನು ಹತ್ತನೇ ತರಗತಿಯ ಹುಡುಗ. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಒಣಮೀನಿನ ಕೆಲಸಕ್ಕೆ. ಅವನ ದನಿ ಇನ್ನೂ ಒಡೆದಿರಲಿಲ್ಲ. ತೆಳ್ಳಗೆ, ಅಲುಗದೆ, ನೇರವಾಗಿ ಬರುವ ದನಿ. ನಡಿಗೆ ಹಗುರ, ಮಾತಾಡುವಾಗ ಕೈ ಆಡಿಸುತ್ತಿದ್ದ. ಅವನು ಇಂಥವನೋ ಅಂಥವನೋ ನನಗೆ ಗೊತ್ತಿಲ್ಲ. ಆ ವಯಸ್ಸಿಗೆ ಅವನಿಗೂ ಗೊತ್ತಿರಬೇಕೆಂದಿಲ್ಲ. ಅದನ್ನು ತಿಳಿದುಕೊಳ್ಳುವ ಅಧಿಕಾರ ಶಾಲೆಗೂ ಇಲ್ಲ, ಊರಿಗೂ ಇಲ್ಲ. ಅವನು ಹಾಡುವಾಗ ಒಣಮೀನಿನ ಹೆಂಗಸರು ಕೈ ನಿಲ್ಲಿಸುತ್ತಿದ್ದರು, ನನಗೆ ಗೊತ್ತಿದ್ದದ್ದು ಅಷ್ಟೇ.

ಆ ಸೋಮವಾರ ಬಂದ ಅತಿಥಿ ಹಾಡು ಮುಗಿದ ಕೂಡಲೇ ಮೈಕು ಹಿಡಿದು, “ನಾನು ಯಾರೋ ಹುಡುಗಿ ಹಾಡ್ತಿದ್ದಾಳೆ ಅಂದ್ಕೊಂಡೆ” ಎಂದು ನಕ್ಕ. ಮಕ್ಕಳೂ ನಕ್ಕರು. ದೊಡ್ಡವರು ನಕ್ಕರೆ ಮಕ್ಕಳು ನಗುತ್ತಾರೆ, ಅದು ಅವರ ತಪ್ಪಲ್ಲ. “ಬಾರಪ್ಪ ಮುಂದೆ. ಹೆಸರು ಹೇಳು. ಯಾರ ಮಗ, ಅದನ್ನೂ ಹೇಳು” ಎಂದ. ಮೈಕಿನ ಮುಂದೆ ನಿಂತರೆ ಹೆಸರನ್ನು ನುಂಗಬಾರದು, ತಲೆ ಎತ್ತಿ ಸ್ಪಷ್ಟವಾಗಿ ಹೇಳಬೇಕು ಎಂದು ನಾನು ಎಲ್ಲ ಮಕ್ಕಳಿಗೂ ಕಲಿಸಿದ್ದೆ. ಹುಡುಗ ತಲೆ ಎತ್ತಿ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲವನ್ನೂ ಹೇಳಿದ.

ಆಮೇಲೆ ಆ ಮನುಷ್ಯ ಅವನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದ. ಇಂಥ ದನಿ, ಇಂಥ ನಡಿಗೆಯನ್ನು ಈ ವಯಸ್ಸಿನಲ್ಲೇ ತಿದ್ದಬೇಕಂತೆ. ತಿದ್ದದಿದ್ದರೆ ನಾಳೆ ಗಂಡಸು ಗಂಡಸಿನ ಜೊತೆ, ಹೆಂಗಸು ಹೆಂಗಸಿನ ಜೊತೆ ಸಂಸಾರ ಹೂಡುವ ರೋಗ ಅಂಟುತ್ತದಂತೆ. ಅದು ದೇವರಿಗೆ ಹೇಸಿಗೆಯಂತೆ. ಅಂಥವರಿರುವ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲವಂತೆ, ಅಂಥವರಿರುವ ಊರಿನ ಕಡಲಿಗೆ ಮೀನು ಬರುವುದಿಲ್ಲವಂತೆ. ಆ ಸಲ ಮೀನು ನಿಜಕ್ಕೂ ಕಡಿಮೆ ಇತ್ತು. ಬರುವ ದಾರಿಯಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡಿರಬೇಕು. “ಇವನ ತಂದೆತಾಯಿ ಎಲ್ಲಿದ್ದರೂ ಎಚ್ಚೆತ್ತುಕೊಳ್ಳಲಿ” ಎಂದ. ಅಮ್ಮ ಎಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಕಂಪೌಂಡಿನ ಆಚೆ, ಭೋಂಗಾದ ಎದುರಿಗೆ.

ನಾನು ಸೀಟಿ ಊದಿದೆ, ಭಾಷಣದ ನಡುವೆಯೇ. “ಸ್ಕೂಲ್, ಸಾವಧಾನ್. ವಿಸರ್ಜನ್” ಎಂದೆ. ಮಕ್ಕಳಿಗೆ ಯಾವ ದೇವರ ಮಾತಿಗಿಂತಲೂ ನನ್ನ ಸೀಟಿಯ ಭಯ ಹೆಚ್ಚು. ಅರ್ಧ ನಿಮಿಷದಲ್ಲಿ ಅಂಗಳ ಖಾಲಿಯಾಯಿತು. ಆ ಮನುಷ್ಯ ಬಾಯಿ ತೆರೆದುಕೊಂಡೇ ನಿಂತಿದ್ದ.

ಹೆಡ್ ಮಾಸ್ತರರು ರೂಮಿಗೆ ಕರೆದು ಬೈದದ್ದು ನನ್ನನ್ನು. ಅತಿಥಿಗಳಿಗೆ ಅವಮಾನವಾಯಿತಂತೆ, ಚಾ ಕೂಡ ಕುಡಿಯದೆ ಹೋದರಂತೆ. ಹುಡುಗನ ಗತಿ ಏನು ಎಂದು ಕೇಳಿದೆ.

“ಅವ ಸಣ್ಣವ, ಮರೀತಾನೆ. ಎರಡು ದಿನ ಬಿಟ್ರೆ ಎಲ್ಲಾ ತಣ್ಣಗಾಗ್ತದೆ.”

“ಸರ್, ಭೋಂಗಾ ಚಾಲೂ ಇತ್ತು. ಅವ್ನು ಅಪ್ಪನ ಹೆಸರು ಹೇಳಿದ್ದೂ ಊರಿಗೆಲ್ಲಾ ಕೇಳಿದೆ.”

ಅದು ಅವರ ತಲೆಗೆ ಹೊಳೆದೇ ಇರಲಿಲ್ಲ. ಕಿಟಕಿಯಾಚೆ ನೋಡಿದರು. ಸ್ವಲ್ಪ ಮೆತ್ತಗಾಗಿ, ಅಪ್ಪನನ್ನೂ ಮಗನನ್ನೂ ರೂಮಿಗೆ ಕರೆಸಿ ತಪ್ಪಾಯಿತು ಎಂದು ಹೇಳುತ್ತೇನೆ ಎಂದರು.

“ಮೈಕಲ್ಲಿ ಅಂದದ್ದಕ್ಕೆ ರೂಮಲ್ಲಿ ತಪ್ಪಾಯ್ತು ಅಂದ್ರೆ ಹೇಗೆ ಸರ್? ಅದೂ ಊರಿಗೇ ಕೇಳ್ಬೇಕು.”

“ಧರ್ಮದ ವಿಷಯ ಮೇಡಂ. ಮೈಕಲ್ಲಿ ಎತ್ತಿದ್ರೆ ಗಲಾಟೆ ಆಗ್ತದೆ.”

ನನ್ನ ಮೈ ಉರಿದುಹೋಯಿತು. ಒಂದು ಮಗುವನ್ನು ಮೈಕಿನ ಮುಂದೆ ನಿಲ್ಲಿಸಿ ಅದರ ಮಾನ ಕಳೆದಾಗ ಗಲಾಟೆ ಆಗಲಿಲ್ಲ. ಅದು ಸುಳ್ಳು ಎಂದು ಹೇಳಿದರೆ ಮಾತ್ರ ಗಲಾಟೆ ಆಗುತ್ತದೆ. ಈ ಲೆಕ್ಕಾಚಾರವನ್ನು ನಾನು ಆ ರೂಮಿನಲ್ಲಷ್ಟೇ ಕೇಳಿದ್ದಲ್ಲ, ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಆವತ್ತು ಮಾತ್ರ ಅದನ್ನು ಒಪ್ಪಿಕೊಳ್ಳಲಾಗಲಿಲ್ಲ.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಬರದಿದ್ದಾಗ ಸಂಜೆ ಅವನ ಮನೆಗೆ ಹೋದೆ. ಅಪ್ಪ ಜಗಲಿಯಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದರು. ಮಗ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದ. ನನ್ನನ್ನು ಕಂಡು ಅಪ್ಪ ಒಳಗಿದ್ದ ಹೆಂಡತಿಗೆ, “ಅಕ್ಕೋರಿಗೆ ಕುರ್ಚಿ ತರೂಕೆ ಹೇಳು ಅವ್ನಿಗೆ” ಎಂದರು. ಕೈ ಚಾಚಿದರೆ ಸಿಗುವ ಮಗನಿಗೆ ಹೇಳಬೇಕಾದದ್ದನ್ನು ಒಳಗಿದ್ದವರ ಮೂಲಕ ಹೇಳಿಸಿದರು. ಅಮ್ಮ ಹೊರಗೆ ಬಂದು, “ಸೋಮವಾರದಿಂದ ಹಿಂಗೇ ಅಕ್ಕೋರೆ. ಇವ್ನ ಕೂಡೆ ಮಾತೇ ಬಿಟ್ರು” ಎಂದರು.

“ಬೋಟಲ್ಲಿ ಎಲ್ಲಾ ನೆಗಾಡ್ತ್ರು,” ಎಂದರು ಅಪ್ಪ, ಬಲೆಯಿಂದ ಕಣ್ಣೆತ್ತದೆ. “ಮೀನು ಬೀಳದೇ ಇರೂದಕ್ಕೆ ನನ್ನ ಮಗ ಕಾರಣ ಅಂತ. ತಮಾಸೆಗೇ ಹೇಳೂದು. ಆದ್ರೆ ದಿನಾ ಹೇಳ್ತ್ರು. ಬರೂ ವಾರ ಇವ್ನ ಕದ್ರಾಕ್ಕೆ ಕಳಸ್ತೆ. ಅಲ್ಲಿ ಇವ್ಳ ತಮ್ಮ ಅವ್ನೆ, ಹೊಟೆಲ್ ಕೆಲ್ಸಕ್ಕೆ ಹಚ್ತಾ.”

“ಹತ್ತನೇ ಪರೀಕ್ಷೆ?”

“ಪರೀಕ್ಷೆ ಬರ್ದು ಎಂತ ಮಾಡೂದು ಅಕ್ಕೋರೆ?”

ಹುಡುಗ ನನ್ನನ್ನು ರಸ್ತೆಯವರೆಗೆ ಬಿಡಲು ಬಂದ. ಆ ಮಾತನ್ನು ಮೈಕಿನಲ್ಲೇ ವಾಪಸು ತೆಗೆಸುತ್ತೇನೆ, ನೀನು ಧೈರ್ಯವಾಗಿರು ಎಂದೆ. ಅವನು ಗಾಬರಿಬಿದ್ದ.

“ಬೇಡ ಟೀಚರ್. ಇನ್ನೊಂದ್ಸಲ ನನ್ನ ಹೆಸ್ರು ಅದ್ರಲ್ಲಿ ಬರೂದು ಬೇಡ. ಒಳ್ಳೇದಕ್ಕೂ ಬೇಡ.”

ಕಾರವಾರದ ಬಸ್ಸಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ. ಅವನು ಹೇಳಿದ್ದು ಸರಿ. ಅವನ ಹೆಸರು ಹೇಳಿ ಕ್ಷಮೆ ಕೇಳಿದರೂ ಜನ ಮತ್ತೆ ಅವನತ್ತಲೇ ತಿರುಗಿ ನೋಡುತ್ತಾರೆ. ಹೆಸರಿಲ್ಲದೆ ನೀತಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಊರಿನ ಕಣ್ಣು ಅವನ ಮೇಲಿಂದ ಕದಲಬೇಕಾದರೆ ಬೇರೆ ಯಾರಾದರೂ ಆ ಜಾಗದಲ್ಲಿ ನಿಲ್ಲಬೇಕು. ಯಾರನ್ನೂ ಕೇಳದೆ ಬಳಸಿಕೊಳ್ಳಬಹುದಾದ ಹೆಸರು ನನ್ನ ಹತ್ತಿರ ಒಂದೇ ಇತ್ತು.

ಕಾರವಾರದ ಬಾಡಿಗೆ ಮನೆಯಲ್ಲಿ ನಾವು ಇಬ್ಬರು ಹೆಂಗಸರು. ಮನೆ ಮಾಲೀಕರ ಪಾಲಿಗೆ ಅಣ್ಣತಮ್ಮಂದಿರ ಮಕ್ಕಳು, ಬೆಳಂಬಾರದಲ್ಲಿರುವ ನನ್ನ ಅಮ್ಮನ ಪಾಲಿಗೆ ಖರ್ಚು ಹಂಚಿಕೊಂಡಿರುವ ಗೆಳತಿಯರು. ನಿಜವಾಗಿ ನಾವು ಸಂಸಾರ ಹೂಡಿದವರು, ಆ ಭಾಷಣದ ರೋಗಿಗಳು. ನಮ್ಮ ಮನೆಯಲ್ಲೂ ಅನ್ನ ಹುಟ್ಟುತ್ತದೆ, ಮೀನುಸಾರೂ ಆಗುತ್ತದೆ. ನಾನು ಹೋದಾಗ ಅವಳು ಬಂಗಡೆ ಹೆಚ್ಚುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕತ್ತಿ ಕೆಳಗಿಟ್ಟಳು.

“ಹೇಳು. ನನ್ನ ಹೆಸ್ರು ಮಾತ್ರ ಬೇಡ. ಲ್ಯಾಬಲ್ಲಿ ನಂಗೆ ಇನ್ನೂ ಕೆಲ್ಸ ಬೇಕು,” ಎಂದಳು. ಮತ್ತೆ ಕತ್ತಿ ಎತ್ತಿಕೊಳ್ಳುತ್ತ, “ಅಮ್ಮಂಗೆ ಮೊದ್ಲು ನೀನೇ ಹೇಳು. ಬೇರೆಯವ್ರ ಬಾಯಿಂದ ಕೇಳೂದು ಬೇಡ” ಎಂದಳು.

ಭಾನುವಾರ ಬೆಳಂಬಾರಕ್ಕೆ ಹೋಗಿ ಹೇಳಿದೆ. ಅಮ್ಮ ನನ್ನ ತಾಟಿಗೆ ಅನ್ನ ಬಡಿಸುತ್ತಿದ್ದವಳು ಬಡಿಸಿ ಮುಗಿಸಿದಳು. ಆಮೇಲೆ, “ನಾ ಸತ್ತ ಮೇಲೆ ಹೇಳೂಕೆ ಆಗ್ತಿರ್ಲಿಲ್ವಾ ನಿಂಗೆ?” ಎಂದು ಕೇಳಿದಳು. ಎದ್ದು ಕೋಣೆಗೆ ಹೋದವಳು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಸೋಮವಾರ ಪ್ರಾರ್ಥನೆ ಆಯಿತು. ಬೇರೆ ಇಬ್ಬರು ಹುಡುಗಿಯರು ಹಾಡಿದರು. ಆ ವಾರದ ಅತಿಥಿ ಇನ್ನೂ ಬಂದಿರಲಿಲ್ಲ. ನಾನು ಮೈಕು ತೆಗೆದುಕೊಂಡೆ.

“ಹೋದ ಸೋಮವಾರ ಇದೇ ಮೈಕಲ್ಲಿ ಸುಳ್ಳು ಹೇಳಿದರು,” ಎಂದೆ. “ಗಂಡಸನ್ನು ಮೆಚ್ಚುವ ಗಂಡಸಿಗೆ, ಹೆಂಗಸನ್ನು ಮೆಚ್ಚುವ ಹೆಂಗಸಿಗೆ ಯಾವ ರೋಗವೂ ಇಲ್ಲ. ಅವರಿಂದ ಮೀನು ಓಡಿಹೋಗುವುದಿಲ್ಲ. ನನಗೆ ಗೊತ್ತು, ಯಾಕೆಂದರೆ ನಾನೇ ಅಂಥವಳು. ನಿಮಗೆ ಕಬಡ್ಡಿ ಕಲಿಸಿದವಳು, ಬಿದ್ದಾಗ ಮೊಣಕಾಲಿಗೆ ಔಷಧಿ ಹಚ್ಚಿದವಳು. ಇದೇ ತಾಲೂಕಿನ ನೀರು ಕುಡಿದು ಬೆಳೆದವಳು. ಯಾರಿಗಾದರೂ ನಗಬೇಕು ಅನಿಸಿದರೆ ನನ್ನನ್ನು ನೋಡಿ ನಗಿ. ಯಾವ ಮಗುವನ್ನೂ ನೋಡಿ ನಗಬೇಡಿ.”

ಹೆಡ್ ಮಾಸ್ತರರು ಮೈಕಿನ ಸ್ವಿಚ್ಚು ಹುಡುಕುತ್ತ ಗೋಡೆ ತಡವುತ್ತಿದ್ದರು. ಇಷ್ಟು ವರ್ಷ ಭಾಷಣ ಮಾಡಿಸಿದರೂ ಅದು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮಕ್ಕಳು ನಗಲಿಲ್ಲ. ನಾನು ಎಂದಿನಂತೆ ರಾಷ್ಟ್ರಗೀತೆ ಹೇಳಿಸಿ ಮಕ್ಕಳನ್ನು ತರಗತಿಗೆ ಕಳಿಸಿದೆ.

ಮಧ್ಯಾಹ್ನದೊಳಗೆ ನನಗೆ ನೋಟಿಸು ಬಂತು. ಶಾಲೆಯ ಶಿಸ್ತಿಗೆ ಧಕ್ಕೆ ತಂದದ್ದಕ್ಕೆ ಕಾರಣ ಕೊಡಬೇಕಂತೆ. ಹುಡುಗಿಯರ ಕಬಡ್ಡಿ ತಂಡವನ್ನು ನನ್ನಿಂದ ಕಿತ್ತು ಹಿಂದಿಯ ಟೀಚರಿಗೆ ಕೊಟ್ಟರು. ಪಾಪ, ಅವರಿಗೆ ಕಬಡ್ಡಿಯ ಗಂಧಗಾಳಿ ಇಲ್ಲ. ಪಾಲಕರು ಹೆದರುತ್ತಾರೆ ಮೇಡಂ ಎಂದರು ಹೆಡ್ ಮಾಸ್ತರರು. ಒಬ್ಬ ಅಪರಿಚಿತ ಗಂಡಸು ಹದಿಹರೆಯದ ಹುಡುಗನ ಹೆಗಲು ಹಿಡಿದುಕೊಂಡು ಸಂಸಾರ, ಹೇಸಿಗೆ ಎಂದೆಲ್ಲ ಮಾತಾಡಿದಾಗ ಯಾವ ಪಾಲಕರೂ ಹೆದರಿರಲಿಲ್ಲವೇ ಎಂದು ಕೇಳಿದೆ. ಅಮ್ಮನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ, ಮಕ್ಕಳು ಸಾಲಿಗೆ ನಿಲ್ಲುವ ಮೊದಲು, ಹುಡುಗನ ಅಪ್ಪ ಗೇಟಿನ ಹತ್ತಿರ ಬಂದು ನಿಂತರು. ಹಿಂದೆ ಯೂನಿಫಾರ್ಮಿನಲ್ಲಿ ಮಗ. ನಾನು ಹತ್ತಿರ ಹೋದೆ. ಅಪ್ಪ ನನ್ನ ಮುಖ ನೋಡದೆ ಗೇಟಿನ ಸರಳು ನೋಡುತ್ತ ಕೇಳಿದರು.

“ನೀವು ಮೈಕಲ್ಲಿ ಹೇಳಿದ್ದು ನಿಮ್ಮ ಮನೇಲಿ ಗೊತ್ತದ್ಯಾ ಅಕ್ಕೋರೆ?”

“ಅಮ್ಮಂಗೆ ನಾನೇ ಹೇಳಿದ್ದೆ.”

“ಎಂತ ಅಂದ್ರು?”

ಸಮಾಧಾನದ ಮಾತು ಹೇಳಬಹುದಿತ್ತು. ಆ ಮಟ್ಟಿಗೆ ನನ್ನಲ್ಲಿ ಒಳ್ಳೆಯತನ ಉಳಿದಿರಲಿಲ್ಲ. “ನನ್ನ ಕೂಡೆ ಮಾತು ಬಿಟ್ಟಾಳೆ,” ಎಂದೆ.

ಅವರು ಹಿಂದಕ್ಕೆ ತಿರುಗಿದರು. ಹೆಂಡತಿಯ ಮೂಲಕವಲ್ಲ, ನನ್ನ ಮೂಲಕವೂ ಅಲ್ಲ, ಮಗನಿಗೇ ಹೇಳಿದರು. “ಮಧ್ಯಾಹ್ನ ಹೊಟ್ಟೆ ತುಂಬಾ ಉಣ್ಣು. ಸಂಜಿಕೆ ನಾನೇ ಬತ್ತೆ ಕರ್ಕಂಡು ಹೋಗೂಕೆ.”

ಹುಡುಗ ಹೂಂ ಎಂದು ಒಳಗೆ ಬಂದ. ನನಗೆ ಖುಷಿಯಾಗಬೇಕಿತ್ತು, ಆಗಲೂ ಬಂದದ್ದು ಸಿಟ್ಟೇ. ಒಬ್ಬ ಅಪ್ಪ ತನ್ನ ಮಗನಿಗೆ ಉಣ್ಣು ಅನ್ನುವುದಕ್ಕೆ ನನ್ನ ಅಮ್ಮ ನನ್ನ ಜೊತೆ ಮಾತು ಬಿಡಬೇಕಾಯಿತು. ಆ ಮನುಷ್ಯನನ್ನು ಇವತ್ತಿಗೂ ಯಾರೂ ಏನೂ ಕೇಳಿಲ್ಲ.