ಮಧ್ಯಾಹ್ನಕ್ಕೆ ಮೊಸರಾಗುವ ಅನ್ನ

ಬಿಸಿ ಅನ್ನಕ್ಕೆ ಹಾಲು ಸುರಿದಾಗ ಏಳುವ ಸಿಹಿ ಹಬೆ ಈಗಲೂ ಮೂಗಿಗೆ ಬಡಿದರೆ, ಬರೋಡಾದ ನಮ್ಮ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆ ನೆನಪಾಗಿ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ತಾಯಿಯ ಕೈಯಡುಗೆ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರವತ್ತರ ದಶಕದ ಮಾತು. ಅಪ್ಪನಿಗೆ ಮೈಸೂರಿನಿಂದ ಅಲ್ಲಿಗೆ ವರ್ಗವಾಗಿತ್ತು. ಅಮ್ಮ ಅವರ ಮಧ್ಯಾಹ್ನದ ಡಬ್ಬಿಗೆ ಮೊಸರನ್ನ ಹಾಕುತ್ತಿದ್ದಳು. ಹಾಕುವಾಗ ಅದಿನ್ನೂ ಹಾಲನ್ನ. ಮೆತ್ತಗೆ ಹಿಸುಕಿ, ಉಗುರುಬೆಚ್ಚಗಾದ ಮೇಲೆ ಒಂದಿಷ್ಟು ಮೊಸರನ್ನು ಹೆಪ್ಪು ಹಾಕಿದರೆ, ಅಪ್ಪ ಆಫೀಸಿನಲ್ಲಿ ಮುಚ್ಚಳ ತೆಗೆಯುವ ಹೊತ್ತಿಗೆ ಹದವಾಗಿರಬೇಕು. ಊರಲ್ಲಾದರೆ ಕಣ್ಣುಮುಚ್ಚಿ ಮಾಡುವ ಕೆಲಸ. ಬರೋಡಾದ ಬಿಸಿಲು ಅವಳ ಅಂದಾಜನ್ನೆಲ್ಲ ತಲೆಕೆಳಗು ಮಾಡಿತ್ತು. ಹಾಗಾಗಿ ಚಮಚ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಅಂಗೈಯಿಟ್ಟು ಅವತ್ತಿನ ಸೆಖೆ ನೋಡಿ ಬಂದು ಹೆಪ್ಪು ಹಾಕುತ್ತಿದ್ದಳು.

ಸಂಜೆ ಅಪ್ಪ ಚಪ್ಪಲಿ ಬಿಡುವಾಗಲೇ ತೀರ್ಪು. ಅವರದು ಮುಲಾಜಿಲ್ಲದ ನಾಲಿಗೆ. "ಇವತ್ತು ಹುಳಿ ಕಣೇ" ಎಂದರೆ ಅಮ್ಮನ ಮುಖ ಸಪ್ಪಗಾಗುತ್ತಿತ್ತು. "ಡಬ್ಬೀನ ಕಿಟಕಿ ಪಕ್ಕ ಇಟ್ಕೊಂಡಿರ್ತೀರಿ, ಇನ್ನೇನಾಗುತ್ತೆ" ಎಂದು ಗೊಣಗುತ್ತಿದ್ದಳು. "ಸರಿಯಾಗಿತ್ತು" ಎಂದ ದಿನ ಮಲಗುವವರೆಗೂ ದೇವರನಾಮ ಗುನುಗುತ್ತಿದ್ದಳು. ಅವರಿಬ್ಬರ ನಡುವೆ ನಾನು ಕೇಳಿದ ಪ್ರೀತಿಯ ಮಾತೆಂದರೆ ಇಷ್ಟೇ.

ಒಂದು ಬೇಸಿಗೆಯ ಬೆಳಿಗ್ಗೆ, ಅಪ್ಪನನ್ನು ಕಳಿಸಿ ಪಾತ್ರೆ ತಿಕ್ಕುತ್ತ ಕೂತಿದ್ದ ಅಮ್ಮ ಹಾಗೇ ನಲ್ಲಿಯ ಪಕ್ಕಕ್ಕೆ ವಾಲಿದಳು. ನಾನು ಕರೆದೆ, ಅಲುಗಾಡಿಸಿದೆ. ಪಕ್ಕದ ಮನೆಯ ಕಾಂತಾಬೆನ್ ಓಡಿ ಬಂದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ತಿಳಿದು ಬಂದ ಅಪ್ಪನ ಕೈಯಲ್ಲಿ ಇನ್ನೂ ಮುಚ್ಚಳ ತೆಗೆಯದ ಡಬ್ಬಿಯಿತ್ತು. ಇಳಿಹೊತ್ತಿಗೆ ಅಪ್ಪ ಸ್ಮಶಾನದಿಂದ ಬಂದು ಸ್ನಾನ ಮಾಡಿದ ಮೇಲೆ, ಕಾಂತಾಬೆನ್ ತಮ್ಮ ಮನೆಯಿಂದ ಖಿಚಡಿ ತಂದಿಟ್ಟು, ಡಬ್ಬಿ ತೊಳೆಯಲೆಂದು ಎತ್ತಿಕೊಂಡರು. "ರೆಹನೇ ದೋ, ಬೆನ್" ಎಂದು ಅಪ್ಪ ಅದನ್ನು ವಾಪಸು ತೆಗೆದುಕೊಂಡು ನನ್ನ ಪಕ್ಕ ಕೂತರು. ನನಗೂ ಒಂದು ತುತ್ತು ಕೊಟ್ಟರು. ಇಡೀ ದಿನದ ಸೆಖೆಗೆ ಅನ್ನ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿತ್ತು, ನನ್ನಿಂದ ನುಂಗಲಾಗಲಿಲ್ಲ. ಅಪ್ಪ ಒಂದಗುಳೂ ಬಿಡದೆ ಬೆರಳಿನಿಂದ ತಳ ಬಳಿದು ತಿಂದರು. ಆಮೇಲೆ ಯಾರೂ ಇಲ್ಲದ ಅಡುಗೆಮನೆಯ ಕಡೆ ತಿರುಗಿ, ದಿನವೂ ಹೇಳುತ್ತಿದ್ದ ಹಾಗೆಯೇ ಹೇಳಿದರು:

"ಇವತ್ತು ಸರಿಯಾಗಿತ್ತು ಕಣೇ."