ತೊಂಬತ್ತೆರಡಕ್ಕೆ ನಿಂತ ತೂಕ

ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆಸಿಕೊಂಡು ಬಂದವಳನ್ನು ನೋವಿತ್ತಾ ಎಂದು ಕೇಳಿದವರು ಕಡಿಮೆ. ಎಷ್ಟು ಇಳಿಯಿತು ಎಂದು ಕೇಳದವರು ಶಿರಸಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಐದು ರಸ್ತೆಯಲ್ಲಿ ತರಕಾರಿ ಆರಿಸುತ್ತಿದ್ದರೆ ಹಿಂದಿನಿಂದ ಬಂದು ಕೇಳುತ್ತಿದ್ದರು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಇಳಿಯುತ್ತಿದ್ದಷ್ಟು ದಿನ ನಾನೂ ಹಲ್ಲು ಕಿರಿದು ಲೆಕ್ಕ ಒಪ್ಪಿಸಿದೆ. ಆಮೇಲೆ ತೂಕ ನಿಂತುಹೋಯಿತು, ಜನ ಕೇಳುವುದು ನಿಲ್ಲಲಿಲ್ಲ.

ನಾನು ಚಿಕ್ಕಂದಿನಿಂದಲೂ ದಪ್ಪ. ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಬಾಡಿಗೆ ಮನೆ, ಒಬ್ಬಳೇ ಜೀವನ. ಮದುವೆ ಕೂಡಿ ಬರಲಿಲ್ಲ. ಯಾಕೆ ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಹೆಣ್ಣು ನೋಡಲು ಬಂದ ಒಬ್ಬರನ್ನು ಬಿಟ್ಟು. ಅವರು ನಮ್ಮ ಮನೆಯ ಜಗಲಿಯಲ್ಲೇ ಕೂತು, ಹುಡುಗಿ ಸ್ವಲ್ಪ ಜಾಸ್ತಿಯೇ ದಪ್ಪ ಆಯಿತು ಎಂದುಬಿಟ್ಟರು. ನನ್ನ ಅಣ್ಣ ಎದ್ದು ಹೋಗಿ ಅವರ ಕೈಯಲ್ಲಿದ್ದ ಅವಲಕ್ಕಿ ತಟ್ಟೆಯನ್ನು ತಿರುಗಿ ತೆಗೆದುಕೊಂಡ. ಅರ್ಧ ತಿಂದಿದ್ದರು ಪಾಪ. ಆವತ್ತಿನಿಂದ ಅಣ್ಣಯ್ಯನಿಗೆ ನಾನು ಏನು ಬೇಕಾದರೂ ಕೊಡಬಲ್ಲೆ ಅಂದುಕೊಂಡಿದ್ದೆ. ಕೇಳುವ ಕಾಲ ಬರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಅಣ್ಣಯ್ಯನದು ಸಿದ್ದಾಪುರದಲ್ಲಿ ಝೆರಾಕ್ಸ್ ಅಂಗಡಿ. ಬಿಪಿ ಇದೆ ಎಂದು ಗೊತ್ತಿದ್ದೂ ಗುಳಿಗೆ ಮರೆಯುತ್ತಿದ್ದ. ಕಾಲು ಬಾತು, ಮುಖ ಬಾತು, ಕಡೆಗೆ ಎರಡೂ ಕಿಡ್ನಿ ಹೋಗಿದೆ ಎಂದರು. ಶಿರಸಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಅತ್ತಿಗೆಯ ರಕ್ತ ಹೊಂದಲಿಲ್ಲ, ನನ್ನದು ಹೊಂದಿತು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕಿಡ್ನಿ ಚೆನ್ನಾಗಿದೆ, ಆದರೆ ಈ ಮೈಯಿಂದ ತೆಗೆಯಲಾಗುವುದಿಲ್ಲ, ತೂಕ ಎಂಬತ್ತೈದರ ಒಳಗೆ ಬಂದರೆ ನೋಡೋಣ ಎಂದರು. ಆಗ ನಾನು ನೂರಾ ಹದಿನೆಂಟು. ಉಪವಾಸ, ಓಡಾಟ, ಎಲ್ಲ ಮಾಡಿ ಸೋತ ಮೇಲೆ ಅವರೇ ಹೊಟ್ಟೆಯ ಆಪರೇಷನ್ನಿನ ದಾರಿ ತೋರಿಸಿದರು. ಹೂಂ ಎಂದೆ. ಚೆಂದ ಕಾಣಬೇಕೆಂದು ಮಾಡಿಸಿಕೊಂಡದ್ದಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹಾಗೆ ಆಡಿಕೊಂಡವರೂ ಇದ್ದಾರೆ.

ಹೊಟ್ಟೆ ಒಂದು ಬಾಳೆಹಣ್ಣಿನಷ್ಟಾಯಿತು. ನಾಲ್ಕು ಚಮಚ ಹೆಸರುಕಾಳು ತಿಂದರೆ ಗಂಟಲವರೆಗೆ ಬರುತ್ತಿತ್ತು. ಕೂದಲು ಉದುರಿತು, ಕುತ್ತಿಗೆಯ ಚರ್ಮ ಜೋತುಬಿತ್ತು. ಆದರೆ ತೂಕ ಇಳಿಯಿತು. ವಖಾರಿಯಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಇದೆ, ಹಮಾಲರು ಊಟಕ್ಕೆ ಹೋದಾಗ ಅದರ ಮೇಲೆ ನಿಲ್ಲುತ್ತಿದ್ದೆ. ನೂರಾ ಹತ್ತು, ನೂರಾ ಎರಡು, ತೊಂಬತ್ತಾರು. ಪ್ರತಿ ಸಲವೂ ಅಣ್ಣಯ್ಯನಿಗೆ ಫೋನ್ ಮಾಡಿ ಹೇಳುವುದು, ಅವನು ಆ ಕಡೆಯಿಂದ ಭೇಷ್ ಎನ್ನುವುದು.

ತೊಂಬತ್ತೆರಡಕ್ಕೆ ಬಂದು ಕಾಟಾ ಕಚ್ಚಿಕೊಂಡಿತು. ಒಂದು ವಾರ ಸುಮ್ಮನಿದ್ದೆ. ತಿಂಗಳಾಯಿತು. ಮಳೆಗಾಲ ಮುಗಿದು ಚಳಿ ಬಿತ್ತು, ಆಗಲೂ ತೊಂಬತ್ತೆರಡು. ಒಮ್ಮೊಮ್ಮೆ ಅರ್ಧ ಕಿಲೋ ಕೆಳಗಿಳಿದು ಆಸೆ ತೋರಿಸಿ ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು. ನಮ್ಮ ಸಾಹುಕಾರರು ಒಂದು ದಿನ ನೋಡಿ, ನಿಮ್ಮ ತೂಕದ ಬದಲು ಅಡಿಕೆ ದರ ಹೀಗೆ ನಿಲ್ಲಬಾರದಿತ್ತೇ ಅಕ್ಕಾ ಎಂದು ನಕ್ಕರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಆದರೂ ಆ ನಗು ನನಗೆ ಉರಿಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಹಾರ ಹೇಳಿಕೊಡುವ ಮೇಡಂ ಒಬ್ಬರಿದ್ದರು. ಫೋನಿನಲ್ಲಿ ಎಲ್ಲ ಕೇಳಿದರು. ಅನ್ನ ಜಾಸ್ತಿ ಆಯಿತಾ? ಇಲ್ಲ. ಸಿಹಿ, ಬೇಕರಿ? ಮುಟ್ಟುವುದಿಲ್ಲ. ಚಾ, ಕಾಫಿ, ಜ್ಯೂಸು? ಯಾವುದೂ ಇಲ್ಲ. ಸುಳ್ಳಲ್ಲ, ದೇವರಾಣೆ ಯಾವುದೂ ಇರಲಿಲ್ಲ. ಆಪರೇಷನ್ ಆದವರಿಗೆ ಕೆಲವು ಸಲ ದೇಹವೇ ಹೀಗೆ ಹಟ ಹಿಡಿಯುತ್ತದೆ, ನಡಿಗೆ ಹೆಚ್ಚು ಮಾಡಿ, ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಿರಿ, ಮೈಯಲ್ಲಿ ನೀರು ಕಡಿಮೆಯಾಗಬಾರದು ಎಂದರು. ಬೆಳಿಗ್ಗೆ ಕೋಟೆಕೆರೆ ಸುತ್ತಿದೆ, ಸಂಜೆಯೂ ಸುತ್ತಿದೆ. ಅನ್ನ ಪೂರ್ತಿ ಬಿಟ್ಟೆ. ಕುಡಿಯುವುದನ್ನಂತೂ ಶ್ರದ್ಧೆಯಿಂದ ಪಾಲಿಸಿದೆ.

ಡಯಾಲಿಸಿಸ್ ದಿನ ಅಣ್ಣಯ್ಯ, ಅತ್ತಿಗೆ ಸಿದ್ದಾಪುರದಿಂದ ಬೆಳಿಗ್ಗೆಯೇ ಬರುತ್ತಿದ್ದರು. ಊಟದ ಬಿಡುವಿನಲ್ಲಿ ನಾನು ಹೋಗಿ ಅವನ ಮಂಚದ ಪಕ್ಕ ಕೂರುತ್ತಿದ್ದೆ. ಅತ್ತಿಗೆ ನನಗಾಗಿ ಒಂದು ದೊಡ್ಡ ಫ್ಲಾಸ್ಕು ಕಷಾಯ ತರುತ್ತಿದ್ದಳು. ಕೊತ್ತಂಬರಿ, ಜೀರಿಗೆ ಹುರಿದು ಬೀಸಿದ ಪುಡಿ, ಗಟ್ಟಿ ಹಾಲು, ಜೋನಿ ಬೆಲ್ಲ. ನಮ್ಮ ಕಡೆ ಜೋನಿ ಬೆಲ್ಲವೆಂದರೆ ಕಬ್ಬಿನ ಹಾಲು ಕಾಸಿದ ನೀರುಬೆಲ್ಲ, ಡಬ್ಬದಲ್ಲಿ ಇಟ್ಟು ಸೌಟಿನಲ್ಲಿ ಹೊಯ್ದುಕೊಳ್ಳುವುದು.

"ನೀ ಎಂತೂ ತಿಂತಿಲ್ಲೆ. ಇದಾದ್ರೂ ಕುಡಿ, ಮೈಗೆ ತಂಪು," ಎನ್ನುತ್ತಿದ್ದಳು.

ಅಣ್ಣಯ್ಯನಿಗೆ ನೀರು ಅಳತೆ ಮಾಡಿ ಕೊಡುತ್ತಿದ್ದ ಕಾಲ ಅದು. ಬಾಯಿ ಒಣಗಿದರೆ ಒಂದು ಐಸ್ ತುಂಡು ಚೀಪಬೇಕು, ಅಷ್ಟೆ. ಅಂಥವನ ಎದುರು ಹೇಗೆ ಕುಡಿಯುವುದು ಎಂದು ಮೊದಲ ದಿನ ನಾನು ಲೋಟ ಕೆಳಗಿಟ್ಟೆ. ಅವನು ಒಪ್ಪಲಿಲ್ಲ. ನೀ ಕುಡಿ ತಂಗಿ, ಆನು ನೋಡ್ತೆ ಎಂದ. ನೋಡಿದ ಕೂಡ. ಗುಟುಕು ನನ್ನ ಗಂಟಲಲ್ಲಿ ಇಳಿಯುವವರೆಗೂ ನೋಡಿ, ಪ್ರತಿ ಸಲ ಒಂದೇ ಪ್ರಶ್ನೆ.

"ಹ್ಯಾಂಗಿದ್ದು? ಜೀರಿಗೆ ಸಮಾ ಬಿದ್ದಿದ್ದ?"

ಒಂದು ದಿನ ಜಾಸ್ತಿ ಆಯಿತು ಎನ್ನುತ್ತಿದ್ದೆ, ಒಂದು ದಿನ ಕಡಿಮೆ. ಸಮಾ ಇದೆ ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಪ್ಪು ಹುಡುಕಿದರೆ ಅವನು ಅತ್ತಿಗೆಯನ್ನು ಛೇಡಿಸಲು ಶುರುಮಾಡುತ್ತಿದ್ದ, ಅವಳು ಹುಸಿಸಿಟ್ಟು ಮಾಡುತ್ತಿದ್ದಳು. ಸುತ್ತ ಯಂತ್ರಗಳು ಗುಂಯ್‌ಗುಡುವ ಆ ಕೋಣೆಯಲ್ಲಿ ನಾವು ಮೂವರು ನಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಫ್ಲಾಸ್ಕಿನಲ್ಲಿ ಉಳಿದದ್ದನ್ನು ನಾನು ವಖಾರಿಗೆ ಒಯ್ದು ಸಂಜೆಯವರೆಗೆ ಗುಟುಕರಿಸುತ್ತಿದ್ದೆ. ಡಯಾಲಿಸಿಸ್ ಇಲ್ಲದ ದಿನ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೆ. ಚಾ ಬಿಟ್ಟು ಕಷಾಯಕ್ಕೆ ಬಂದವಳು ಎಂಬ ಹೆಮ್ಮೆ ಬೇರೆ.

ಆ ಚಳಿಗಾಲದಲ್ಲಿ ಯಲ್ಲಾಪುರದ ಹತ್ತಿರ ಉಮ್ಮಚಗಿಯಲ್ಲಿ ನೆಂಟರ ಮನೆಯ ಉಪನಯನಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತು ಎಲೆಯ ತುದಿಯಲ್ಲಿ ಒಂದು ಚಮಚ ಹಾಕಿಸಿಕೊಂಡೆ. ಎದುರು ಸಾಲಿನ ಹೆಂಗಸರಿಬ್ಬರು ನನ್ನ ಎಲೆ ನೋಡಿದರು, ನನ್ನನ್ನು ನೋಡಿದರು. ಇಷ್ಟೇ ಉಣ್ಣುವವಳಿಗೆ ಇಷ್ಟು ಮೈ ಹೇಗೆ ನಿಂತಿತು, ಇಲ್ಲಿ ನಾಟಕ, ಮನೆಯಲ್ಲಿ ಬೇರೆ ಎಂದು ಒಬ್ಬಳು ಹೇಳಿದ್ದು ನನಗೆ ಕೇಳಲಿ ಎಂದೇ ಹೇಳಿದ್ದು. ಕೈತೊಳೆದು ಬಂದೆ. ಆ ಮನೆಯವರು ನೊಂದುಕೊಂಡು, ಎಂತೂ ಉಣಲಿಲ್ಲ ನೀನು ಎಂದು ಒಂದು ದೊಡ್ಡ ಲೋಟ ಕಷಾಯ ತಂದುಕೊಟ್ಟರು. ಕುಡಿದೆ.

ಪರರ ಮಾತು ಬಿಡಿ. ಅದಾದ ಕೆಲವೇ ದಿನಕ್ಕೆ, ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ, ಅತ್ತಿಗೆ ಈ ವಾರ ಎಷ್ಟು ಎಂದು ಕೇಳಿದಳು. ತೊಂಬತ್ತೆರಡು ಎಂದೆ. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ, ನನ್ನ ಮುಖ ನೋಡದೆ, ಬಹಳ ಮೆತ್ತಗೆ ಹೇಳಿದಳು.

"ಕೊಡಲೆ ಮನಸ್ಸಿಲ್ಲೆ ಹೇಳಾದ್ರೆ ಮೊದಲೇ ಹೇಳಕ್ಕಾಗಿತ್ತು. ಎಂಗ ಬೇರೆ ದಾರಿ ನೋಡ್ತಿದ್ಯ."

ತಾವು ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಿದ್ದೆವು ಎಂದು ಹೇಳಿ, ಲೋಟಕ್ಕೆ ಕಷಾಯ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. ಹೊಟ್ಟೆ ಕೊಯ್ಸಿಕೊಂಡವಳು ನಾನು. ಕೂದಲು ಉದುರಿದ್ದು ನನ್ನದು. ಎರಡು ಒಟ್ಟಿಗೇ ತುಂಬಿ ಬರುತ್ತಿದ್ದವು, ಅಳು ಮತ್ತು ಬೈಗುಳ. ಒಳಗೆ ಅಣ್ಣಯ್ಯ ಮಲಗಿದ್ದಾನೆ ಎಂದು ಎರಡನ್ನೂ ನುಂಗಿದೆ, ಜೊತೆಗೆ ಆ ಕಷಾಯವನ್ನೂ. ಅತ್ತಿಗೆಯ ಮೇಲೆ ಅಷ್ಟು ಸಿಟ್ಟು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಇವತ್ತಿಗೂ ಪೂರ್ತಿ ಹೋಗಿಲ್ಲ.

ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ ಎಂದು ಹುಬ್ಬಳ್ಳಿಗೇ ಹೊರಟೆ. ಹಿಂದಿನ ದಿನ ಡಯಾಲಿಸಿಸ್ ಇತ್ತು, ಫ್ಲಾಸ್ಕು ನನ್ನ ಹತ್ತಿರವೇ ಉಳಿದಿತ್ತು. ಮನೆಯಲ್ಲಿ ಹೊಸದಾಗಿ ಮಾಡಿ ಅದರಲ್ಲೇ ತುಂಬಿಕೊಂಡೆ. ಮೇಡಂ ಕೋಣೆಯ ಹೊರಗೆ ಕೂತು ಮುಚ್ಚಳದಲ್ಲಿ ಹೊಯ್ದು ಕುಡಿಯುತ್ತಿದ್ದೆ. ಅವರು ಬಾಗಿಲು ತೆರೆದು ಬಂದು, ಪರಿಮಳ ಚಲೋ ಐತಲ್ರೀ, ಏನದು ಎಂದರು. ಸಂಭ್ರಮದಿಂದ ಹೇಳಿದೆ. ನಮ್ಮ ಕಡೆ ಕಷಾಯ, ಕೊತ್ತಂಬರಿ, ಜೀರಿಗೆ, ಆರೋಗ್ಯಕ್ಕೆ ಒಳ್ಳೆಯದು, ಬೇಕಾದರೆ ನೋಡಿ. ಅವರು ಒಂದು ಗುಟುಕು ಕುಡಿದು ಮುಚ್ಚಳ ಕೆಳಗಿಟ್ಟರು. ಬೆಲ್ಲ ಎಷ್ಟು ಹಾಕುತ್ತೀರಿ, ಹಾಲು ಎಷ್ಟು, ದಿನಕ್ಕೆ ಎಷ್ಟು ಲೋಟ ಎಂದು ಒಂದೊಂದಾಗಿ ಕೇಳಿದರು. ನಾನು ಹೇಳುತ್ತ ಹೋದ ಹಾಗೆ ನನಗೇ ಬೆವರತೊಡಗಿತು.

"ಇದನ್ನ ನಮ್ಮ ಕಡೆ ಪಾಯಸ ಅಂತಾರ್ರಿ ಅಕ್ಕಾರ," ಎಂದರು.

ಬೈಯಲಿಲ್ಲ ಅವರು. ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೊಟ್ಟೆ ಸಣ್ಣದು ಮಾಡಿದ್ದು ಗಟ್ಟಿ ಊಟಕ್ಕೆ ತಡೆ, ನೀರಿನಂಥದ್ದು ಅಲ್ಲಿ ನಿಲ್ಲುವುದೇ ಇಲ್ಲ, ಜಾರಿಹೋಗುತ್ತದೆ. ಹಾಲು ಬೆಲ್ಲವನ್ನು ದಿನವಿಡೀ ಗುಟುಕರಿಸಿದರೆ ದಿನವಿಡೀ ಉಂಡ ಹಾಗೆಯೇ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದರು. ಏನೆಂದು ಹೇಳಲಿ? ನಮ್ಮಲ್ಲಿ ಕಷಾಯವನ್ನು ಯಾರೂ ತಿನ್ನುವ ಕುಡಿಯುವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಕಾದಶಿಯ ದಿನ ಕುಡಿಯುತ್ತೇವೆ, ಜ್ವರ ಬಂದರೆ ಕುಡಿಯುತ್ತೇವೆ, ಹೊಟ್ಟೆ ಕೆಟ್ಟರೂ ಅದೇ. ನೀರಿನ ಬದಲಿಗೆ ಇದು ಎಂದುಕೊಂಡಿದ್ದೆ. ಮೇಡಂ ಮಾತ್ರ ನಿಂತ ತೂಕಕ್ಕೆ ಇದೊಂದೇ ಕಾರಣ ಎಂದು ಹೇಳಲಿಲ್ಲ, ದೇಹವೂ ಹಟ ಹಿಡಿದಿರಬಹುದು, ಆದರೆ ಇದನ್ನು ಇವತ್ತೇ ಬಿಡಿ ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ನನ್ನನ್ನು ತೊಂಬತ್ತೆರಡಕ್ಕೆ ಕಟ್ಟಿಹಾಕಿದ್ದು ಅತ್ತಿಗೆಯ ಕೈಯ ಕಷಾಯ. ಅದನ್ನೇ ಬಗ್ಗಿಸುತ್ತ ಅವಳು ನನಗೆ ಮನಸ್ಸಿಲ್ಲ ಎಂದಳು. ಆ ಫ್ಲಾಸ್ಕನ್ನು ಅವಳ ಮುಂದೆ ಕುಕ್ಕಿ ಹೇಳಬೇಕು, ನೋಡು, ನಿನ್ನ ಗಂಡನಿಗೆ ಕಿಡ್ನಿ ಸಿಗದ ಹಾಗೆ ಮಾಡಿದ್ದು ಯಾರು ಎಂದು. ಮಾತನ್ನು ಹಲ್ಲಿನ ತುದಿಯಲ್ಲಿ ಸಿದ್ಧ ಮಾಡಿಕೊಂಡೇ ಮುಂದಿನ ಡಯಾಲಿಸಿಸ್ ದಿನ ಹೋದೆ.

ಅಣ್ಣಯ್ಯ ನನ್ನ ದಾರಿ ಕಾಯುತ್ತಿದ್ದ. ಅತ್ತಿಗೆ ಬೇರೊಂದು ಫ್ಲಾಸ್ಕಿನಿಂದ ಬಗ್ಗಿಸಿ ಲೋಟ ಚಾಚಿದಳು. ಇವತ್ತು ಬೇಡ ಎಂದೆ, ಅಷ್ಟೇ ಹೇಳಲು ಆದದ್ದು. ಆವತ್ತಿನ ಮಾತಿಗೆ ಮುನಿಸಿಕೊಂಡಿದ್ದೇನೆ ಎಂದೇ ಅವಳು ತಿಳಿದಳು. ಮುಖ ಸಣ್ಣ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಅಣ್ಣಯ್ಯ ನಮ್ಮಿಬ್ಬರನ್ನೂ ನೋಡಿದ. ಸೂಜಿಯಿಲ್ಲದ ಕೈ ಚಾಚಿ ಲೋಟ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಜೀರಿಗೆ ಸ್ವಲ್ಪ ಕಮ್ಮಿ ಎಂದು ತಾನೇ ಹೇಳಿ ತಿರುಗಿ ಕೊಟ್ಟ. ಅವನ ಎದುರು ನಾನು ಯಾವ ಬಾಯಲ್ಲಿ ಹೇಳಲಿ. ಆವತ್ತು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ. ತೂಕ ಇಳಿದು ಆಪರೇಷನ್ ಆಗಿಬಿಡಲಿ, ಆಮೇಲೆ ಮೂವರೂ ಕೂತು ನಗುತ್ತ ಹೇಳಿದರಾಯಿತು ಅಂದುಕೊಂಡೆ.

ತೂಕ ಇಳಿಯಿತು. ತೊಂಬತ್ತು, ಎಂಬತ್ತೊಂಬತ್ತು. ಕಾಟಾದ ಮೇಲೆ ನಿಂತು ಅತ್ತೆ. ಎಂಬತ್ತೆಂಟಕ್ಕೆ ಬಂದಾಗ ಅಣ್ಣಯ್ಯನಿಗೆ ಡಯಾಲಿಸಿಸ್ ಸೂಜಿ ಚುಚ್ಚುವಲ್ಲಿ ನಂಜಾಗಿ ಚಳಿಜ್ವರ ಬಂತು. ಜ್ವರ ಹೋಯಿತು, ಹೃದಯ ಸೋತಿತು. ಅದೇ ಹುಬ್ಬಳ್ಳಿಯ ಡಾಕ್ಟರು, ಇನ್ನು ಇವರ ದೇಹ ಕಿಡ್ನಿ ಕಸಿಯ ಆಪರೇಷನ್ ತಡೆದುಕೊಳ್ಳುವುದಿಲ್ಲ ಎಂದರು. ನಾನು ಇಳಿಯುತ್ತಿದ್ದೇನೆ, ಇನ್ನು ಮೂರೇ ಕಿಲೋ ಎಂದು ಅವರ ಮೇಜು ಹಿಡಿದುಕೊಂಡು ಹೇಳಿದೆ. ನಿಮ್ಮ ತೂಕದ ಪ್ರಶ್ನೆ ಈಗ ಇಲ್ಲ ಎಂದರು. ಹಲಸಿನ ಹಣ್ಣಿನ ಕಾಲಕ್ಕೆ ಅಣ್ಣಯ್ಯ ಹೋದ.

ಅವನ ದಿನಕರ್ಮಗಳೆಲ್ಲ ಮುಗಿದು ಎಷ್ಟೋ ಕಾಲದ ಮೇಲೆ ಒಂದು ಭಾನುವಾರ ಸಿದ್ದಾಪುರಕ್ಕೆ ಹೋದೆ. ಆ ಹೊತ್ತಿಗೆ ನಾನು ಎಂಬತ್ತನಾಲ್ಕು. ಯಾರಿಗಾಗಿ ಎಂದು ಗೊತ್ತಿಲ್ಲದೆ ಇಳಿಯುತ್ತಲೇ ಇದ್ದೆ. ಅತ್ತಿಗೆ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಕಷಾಯ ಮಾಡಿ ತಂದಳು. ಲೋಟ ನನ್ನ ಕೈಗೆ ಕೊಡುವಾಗ ಹೇಳಿದಳು.

"ಈಗ ನೋಡು, ಇಳದ್ದು."

ಮಾತು ಹಲ್ಲಿನ ತುದಿಗೆ ಬಂತು. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡ ಅದೇ ಮಾತು, ಒಂದಕ್ಷರ ಮರೆತಿರಲಿಲ್ಲ. ಹೇಳಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು, ಕುಸಿಯಲಿ ಎಂದು ನನಗೆ ಅನ್ನಿಸಿತು ಕೂಡ. ಗೋಡೆಯ ಮೇಲೆ ಅಣ್ಣಯ್ಯನ ಫೋಟೋ ಇತ್ತು. ಅವಳು ಎದುರಿಗೇ ಕೂತು, ನಾನು ಕುಡಿಯುವುದನ್ನೇ ನೋಡುತ್ತಿದ್ದಳು. ಒಂದು ಹನಿ ಬಿಡದೆ ಕುಡಿದೆ. ಜೀರಿಗೆ ಸಮಾ ಬಿದ್ದಿತ್ತು.